ಜಿಮ್ ಅಂಕಲ್: ಮನೆಮಾತಿನಲ್ಲಿ ಒಂದು ಊರನ್ನೇ ಹಾಡಿಸಿದವರು

ಗೆಳೆಯರೇ, ಮೊದಲು ಒಂದು ಸಣ್ಣ ಪ್ರಯೋಗ ಮಾಡೋಣ. ಫೋನಿನಲ್ಲಿ ಯಾವುದಾದರೂ ಪಿಯಾನೋ ಆಪ್ ತೆಗೆಯಿರಿ. ಬಿಳಿ ಕೀಗಳನ್ನು ಮುಟ್ಟಬೇಡಿ. ಕಪ್ಪು ಕೀಗಳು ಮೂರರ ಒಂದು ಗುಂಪು, ಎರಡರ ಒಂದು ಗುಂಪು ಅಂತ ಜೋಡಿಸಿರುತ್ತವೆ. ಮೂರರ ಗುಂಪಿನ ಮೊದಲ ಕೀಯಿಂದ ಎಡದಿಂದ ಬಲಕ್ಕೆ ಐದು ಕಪ್ಪು ಕೀ ಒತ್ತಿ. ಸ ರಿ ಗ ಪ ದ. ಚಿಕ್ಕವರಿದ್ದಾಗ ಸಂಗೀತದ ಕ್ಲಾಸಿಗೆ ಹೋದವರಿಗೆ ಥಟ್ಟನೆ ಗೊತ್ತಾಗುತ್ತದೆ, ಇದು ಮೋಹನದ ಸ್ವರಗಳು. 'ವರವೀಣಾ' ಗೀತೆ ಕಲಿತ ರಾಗ. ಹಿಂದೂಸ್ತಾನಿಯವರು ಭೂಪಾಲಿ ಅನ್ನುತ್ತಾರೆ.

ಈಗ ಅದನ್ನೇ ಉಲ್ಟಾ ಒತ್ತಿ. ದ ಪ ಗ ರಿ ಸ.

ಅಷ್ಟೇ. ಹಾಂಗ್ ಕಾಂಗ್‌ನ ಅತ್ಯಂತ ಪ್ರಸಿದ್ಧ ಸಿನಿಮಾ ಹಾಡುಗಳಲ್ಲಿ ಒಂದು ಶುರುವಾಗೋದು ಹೀಗೇ, ಈ ಐದು ಸ್ವರ ಮೆಟ್ಟಿಲಿಳಿದ ಹಾಗೆ. ಇಷ್ಟು ಸುಲಭದ ಟ್ಯೂನ್ ಹೊಳೆಯೋ ಮುಂಚೆ ಅದನ್ನು ಬರೆದವರ ಆರು ಟ್ಯೂನ್‌ಗಳು ರಿಜೆಕ್ಟ್ ಆಗಿದ್ದವಂತೆ. ಅವರ ಹೆಸರು ಜೇಮ್ಸ್ ವಾಂಗ್. ಕ್ಯಾಂಟನೀಸ್‌ನಲ್ಲಿ ವಾಂಗ್ ಜಿಮ್. ಊರಿನವರ ಬಾಯಲ್ಲಿ ಜಿಮ್ ಅಂಕಲ್. ಈ ಸಲ ನಮ್ಮ ಕನ್ನಡ ಸಂಘದ ಪತ್ರಿಕೆಯಲ್ಲಿ ಚೀನಾ ಕಡೆಯ ಒಬ್ಬ ಹಾಡುಗಾರರ ಕಥೆ ಯಾಕೆ ಅಂತ ಕೇಳಬೇಡಿ. ಓದುತ್ತಾ ಹೋದರೆ ನಿಮಗೇ ಗೊತ್ತಾಗುತ್ತದೆ.

ಯಾರು ಈ ಜಿಮ್ ಅಂಕಲ್?

1941ರಲ್ಲಿ ದಕ್ಷಿಣ ಚೀನಾದ ಗ್ವಾಂಗ್‌ಝೌನಲ್ಲಿ ಹುಟ್ಟಿದರು. 1949ರಲ್ಲಿ, ಚೀನಾದಲ್ಲಿ ಸರ್ಕಾರ ಬದಲಾದ ವರ್ಷ, ಕುಟುಂಬ ಹಾಂಗ್ ಕಾಂಗ್‌ಗೆ ಬಂತು. ಆಗ ಹಾಂಗ್ ಕಾಂಗ್ ಬ್ರಿಟಿಷರ ಕೈಯಲ್ಲಿತ್ತು. ಇವರ ಹಾಗೆ ಲಕ್ಷಾಂತರ ಜನ ಗಡಿ ದಾಟಿ ಬಂದು ಆ ಚಿಕ್ಕ ಜಾಗದಲ್ಲಿ ಬದುಕು ಕಟ್ಟಿಕೊಳ್ಳುತ್ತಿದ್ದರು. ಹುಡುಗ ಓದಿದ್ದು ಲಾ ಸಾಲ್ ಕಾಲೇಜ್ ಅನ್ನೋ ಮಿಷನರಿ ಶಾಲೆಯಲ್ಲಿ. ಅಲ್ಲಿ ಹಾರ್ಮೋನಿಕಾ ಹಿಡಿದರು. ಹಾರ್ಮೋನಿಕಾ ಗುರುಗಳ ಜೊತೆ ರೆಕಾರ್ಡಿಂಗ್ ಸ್ಟುಡಿಯೋಗಳಿಗೆ ಹೋಗಿ ನುಡಿಸುತ್ತಾ ಹಾಡು ಹೇಗೆ ಹುಟ್ಟುತ್ತದೆ ಅಂತ ಹತ್ತಿರದಿಂದ ನೋಡಿದರು. ಆಮೇಲೆ ಹಾಂಗ್ ಕಾಂಗ್ ವಿಶ್ವವಿದ್ಯಾಲಯಕ್ಕೆ ಸೇರಿ 1963ರಲ್ಲಿ ಪದವಿ ಮುಗಿಸಿದರು. ಓದಿದ ವಿಷಯ ಚೀನೀ ಸಾಹಿತ್ಯ.

ಹೊಟ್ಟೆಪಾಡಿಗೆ ಹಿಡಿದ ಕೆಲಸ ಜಾಹೀರಾತು. 1976ರಲ್ಲಿ ಲೇಖಕಿ ಲಾಮ್ ಯಿನ್-ನೀ ಜೊತೆ ಸೇರಿ ಸ್ವಂತ ಜಾಹೀರಾತು ಕಂಪನಿಯನ್ನೇ ತೆರೆದರು. ಇದರ ನಡುವೆ ಪತ್ರಿಕೆಗಳಿಗೆ ಅಂಕಣ, ಟೀವಿ ನಿರೂಪಣೆ, ಸಿನಿಮಾ ನಟನೆ, ನಿರ್ದೇಶನ, ಒಂದು ಪೋಲಿ ಜೋಕುಗಳ ಪುಸ್ತಕ! ಆ ಪುಸ್ತಕ ಮತ್ತೆ ಮತ್ತೆ ಮುದ್ರಣವಾಯ್ತು. 1989ರ ಸುಮಾರಿಗೆ ಇಬ್ಬರು ಗೆಳೆಯರ ಜೊತೆ ಕೂತು ಸಿಗರೇಟು ಸೇದುತ್ತಾ, ಕುಡಿಯುತ್ತಾ ಸಿನಿಮಾ ತಾರೆಯರನ್ನು ಮಾತಾಡಿಸುವ ಟೀವಿ ಶೋ ನಡೆಸಿದರು. ಆ ಇಬ್ಬರು ಕಾದಂಬರಿಕಾರ ನೀ ಕುವಾಂಗ್ ಮತ್ತು ಲೇಖಕ ಚುವಾ ಲಾಮ್. ಇವರ ಜೊತೆ ಕತ್ತಿವರಸೆ ಕಾದಂಬರಿಗಳ ಜಿನ್ ಯೋಂಗ್ ಅವರನ್ನೂ ಸೇರಿಸಿ ಜನ 'ಹಾಂಗ್ ಕಾಂಗ್‌ನ ನಾಲ್ವರು ಪ್ರತಿಭಾವಂತರು' ಅಂತ ಕರೆಯುತ್ತಿದ್ದರು.

ಆದರೆ ಇವತ್ತಿಗೂ ಜನ ಅವರನ್ನು ನೆನಪಿಟ್ಟುಕೊಂಡಿರೋದು ಹಾಡುಗಳಿಗಾಗಿ. ಅದೂ ಕ್ಯಾಂಟನೀಸ್ ಹಾಡುಗಳಿಗಾಗಿ.

ಆಗ ಹಾಂಗ್ ಕಾಂಗ್ ಏನು ಕೇಳುತ್ತಿತ್ತು?

ಇಲ್ಲಿ ಸ್ವಲ್ಪ ಹಿನ್ನೆಲೆ ಬೇಕು. ಚೀನೀ ಭಾಷೆ ಅಂತ ನಾವು ಸುಮ್ಮನೆ ಒಂದೇ ಹೆಸರಲ್ಲಿ ಕರೆಯುತ್ತೇವೆ. ಬೀಜಿಂಗ್ ಕಡೆಯ ಮ್ಯಾಂಡರಿನ್ ಅಧಿಕೃತ ಭಾಷೆ. ಹಾಂಗ್ ಕಾಂಗ್‌ನಲ್ಲಿ ಮನೆಯಲ್ಲಿ, ಮಾರ್ಕೆಟ್‌ನಲ್ಲಿ, ಬಸ್ಸಲ್ಲಿ ಆಡೋದು ಕ್ಯಾಂಟನೀಸ್. ಒಂದು ಮಾತ್ರ ಬಲ್ಲವರಿಗೆ ಇನ್ನೊಂದು ಕಿವಿಗೆ ಬಿದ್ದರೆ ಅರ್ಥವಾಗುವುದಿಲ್ಲ.

1950ರ ದಶಕದಲ್ಲಿ ಹಾಂಗ್ ಕಾಂಗ್‌ನಲ್ಲಿ ಮರ್ಯಾದೆ ಇದ್ದ ಹಾಡು ಅಂದರೆ ಶಾಂಘೈನಿಂದ ಬಂದವರು ತಂದ ಮ್ಯಾಂಡರಿನ್ ಹಾಡು. 1964ರಲ್ಲಿ ಬೀಟಲ್ಸ್ ಹಾಂಗ್ ಕಾಂಗ್‌ಗೆ ಬಂದು ಹೋದ ಮೇಲೆ ಕಾಲೇಜು ಹುಡುಗರೆಲ್ಲ ಗಿಟಾರ್ ಹಿಡಿದು ಇಂಗ್ಲಿಷ್ ಹಾಡು ಶುರು ಮಾಡಿದರು. ಕ್ಯಾಂಟನೀಸ್ ಹಾಡು ಅಂದರೆ? ಅದು ಮನೆಗೆಲಸದವರು, ಕಾರ್ಖಾನೆ ಕಾರ್ಮಿಕರು ಕೇಳುವಂಥದ್ದು ಅನ್ನೋ ತಾತ್ಸಾರ. ಕೋರ್ಟು, ಕಚೇರಿ ಎಲ್ಲ ಇಂಗ್ಲಿಷ್. ಇಂಗ್ಲಿಷ್ ಜೊತೆ ಚೀನೀ ಕೂಡ ಅಲ್ಲಿ ಅಧಿಕೃತ ಭಾಷೆ ಆಗಿದ್ದು 1974ರಲ್ಲಿ! ಊರಿನ ಬಹುಪಾಲು ಜನರ ಮಾತಿಗೆ ಸ್ಥಾನ ಸಿಗೋಕೆ ಅಷ್ಟು ವರ್ಷ ಬೇಕಾಯ್ತು.

ಹಾಡಿನ ಲೋಕದಲ್ಲೂ ಗಾಳಿ ತಿರುಗಿದ್ದು ಅದೇ 1974ರಲ್ಲಿ. ಜೋಸೆಫ್ ಕೂ ಸಂಗೀತ ಕೊಟ್ಟ ಒಂದು ಟೀವಿ ಧಾರಾವಾಹಿಯ ಕ್ಯಾಂಟನೀಸ್ ಶೀರ್ಷಿಕೆ ಗೀತೆ ಹಿಟ್ ಆಯ್ತು. ಇಂಗ್ಲಿಷ್ ಬ್ಯಾಂಡ್‌ನಲ್ಲಿ ಹಾಡುತ್ತಿದ್ದ ಸ್ಯಾಮ್ ಹುಯಿ ಬೀದಿ ಮಾತಿನಲ್ಲಿ ತಮಾಷೆ ಹಾಡು ಕಟ್ಟಿದರು. ಮರುವರ್ಷ, 1975ರಲ್ಲಿ, ಜೇಮ್ಸ್ ವಾಂಗ್ 'ಲೆಟ್ಸ್ ರಾಕ್' ಅನ್ನೋ ಸಿನಿಮಾ ನಿರ್ದೇಶಿಸಿದರು. ಅದರಲ್ಲಿ ನಟಿಸಿದ್ದು ವಿನ್ನರ್ಸ್ ಅನ್ನೋ ಬ್ಯಾಂಡ್, ಅಂದರೆ ಇಂಗ್ಲಿಷ್ ಹಾಡು ಹಾಡಿಯೇ ಹೆಸರು ಮಾಡಿದ್ದ ಹುಡುಗರು. ಅವರ ಬಾಯಿಂದ ವಾಂಗ್ ಕ್ಯಾಂಟನೀಸ್ ಹಾಡು ಹಾಡಿಸಿದರು. ನಿರ್ದೇಶಕರಾಗಿ ಅವರ ಹೆಸರು ದೊಡ್ಡದಾಗಿ ಬೆಳೆಯಲಿಲ್ಲ. ಆದರೆ ಇಂಗ್ಲಿಷ್ ಹಾಡೋದೇ ಸ್ಟೈಲು ಅಂದುಕೊಂಡಿದ್ದ ಯುವಕರ ಮುಂದೆ ಅವರದೇ ಹೀರೋಗಳು ಮನೆಮಾತಲ್ಲಿ ಹಾಡಿದ್ದು ಸಣ್ಣ ವಿಷಯ ಅಲ್ಲ ಅಂತ ನಮಗೆ ಅನಿಸುತ್ತದೆ.

ಹಂದಿಯೋ ದೇವರೋ?

ಕ್ಯಾಂಟನೀಸ್‌ನಲ್ಲಿ ಹಾಡು ಬರೆಯೋದು ಇಂಜಿನಿಯರಿಂಗ್ ಪ್ರಾಬ್ಲಂ ಇದ್ದ ಹಾಗೆ. ಯಾಕೆ ಅಂತ ನೋಡೋಣ.

ಕನ್ನಡದಲ್ಲಿ 'ಬಂದೆ' ಅನ್ನೋದನ್ನು ದನಿ ಏರಿಸಿ ಹೇಳಿ, ಇಳಿಸಿ ಹೇಳಿ. ಭಾವ ಬದಲಾಗಬಹುದು, ಪದ ಅದೇ. ಕ್ಯಾಂಟನೀಸ್‌ನಲ್ಲಿ ಹಾಗಲ್ಲ. ಅಲ್ಲಿ ಆರು ದನಿಗಳಿವೆ. 'ಸೀ' ಅನ್ನೋ ಒಂದೇ ಉಚ್ಚಾರವನ್ನು ಆರು ದನಿಯಲ್ಲಿ ಹೇಳಿದರೆ ಕವಿತೆ, ಇತಿಹಾಸ, ಪ್ರಯತ್ನ, ಸಮಯ, ಮಾರುಕಟ್ಟೆ, ವಿಷಯ ಅಂತ ಆರು ಬೇರೆ ಬೇರೆ ಅರ್ಥ ಬರುತ್ತದೆ.

ಈಗ ಯೋಚನೆ ಮಾಡಿ. ಹಾಡು ಅಂದರೇ ದನಿ ಏರಿಳಿಯೋದು. ರಾಗದ ಏರಿಳಿತ ಪದದ ಏರಿಳಿತಕ್ಕೆ ಹೊಂದದಿದ್ದರೆ ಅರ್ಥವೇ ಕೆಟ್ಟು ಹೋಗುತ್ತದೆ. ಇದಕ್ಕೆ ಹಾಂಗ್ ಕಾಂಗ್‌ನಲ್ಲಿ ಒಂದು ಹಳೆಯ ತಮಾಷೆ ಇದೆ. ಪಾಶ್ಚಾತ್ಯ ಟ್ಯೂನ್‌ಗೆ ಕೂರಿಸಿದ ಕ್ರೈಸ್ತ ಭಕ್ತಿಗೀತೆಗಳಲ್ಲಿ 'ಪ್ರಭು' ಅನ್ನೋ ಪದ ತಪ್ಪು ಸ್ವರಕ್ಕೆ ಬಿದ್ದು 'ಹಂದಿ' ಅಂತ ಕೇಳಿಸುತ್ತದೆ. ಮ್ಯಾಂಡರಿನ್‌ನಲ್ಲೂ ದನಿಗಳಿವೆ. ಆದರೆ ಹಾಡುವಾಗ ಅವರು ಅದಕ್ಕೆ ಅಷ್ಟು ತಲೆ ಕೆಡಿಸಿಕೊಳ್ಳೋದಿಲ್ಲ. ಕ್ಯಾಂಟನೀಸ್ ಕಿವಿ ಮಾತ್ರ ಒಪ್ಪೋದೇ ಇಲ್ಲ.

ನಮ್ಮ ಸಿನಿಮಾ ಹಾಡುಗಳಲ್ಲಿ ಟ್ಯೂನ್ ಮೊದಲು, ಸಾಹಿತ್ಯ ಆಮೇಲೆ ಅನ್ನೋ ಪದ್ಧತಿ ಇದೆಯಲ್ಲ, ಅಲ್ಲೂ ಹಾಗೇ. ಅದಕ್ಕೆ ಅವರು 'ಪದ ತುಂಬೋದು' ಅಂತಲೇ ಹೇಳುತ್ತಾರೆ. ನಮ್ಮ ಗೀತರಚನೆಕಾರರು ಮಾತ್ರೆ ಹೊಂದಿಸಬೇಕು, ಪ್ರಾಸ ಹೊಂದಿಸಬೇಕು. ಅಲ್ಲಿಯವರು ಇವೆರಡರ ಜೊತೆ ಪ್ರತಿ ಪದದ ದನಿಯನ್ನೂ ಪ್ರತಿ ಸ್ವರದ ಎತ್ತರಕ್ಕೆ ಹೊಂದಿಸಬೇಕು. ಇದಕ್ಕೊಂದು ಜಾಣ ಶಾರ್ಟ್‌ಕಟ್ ಇದೆ. ಸೊನ್ನೆ, ಎರಡು, ನಾಲ್ಕು, ಮೂರು ಅನ್ನೋ ನಾಲ್ಕು ಅಂಕಿಗಳ ಕ್ಯಾಂಟನೀಸ್ ಹೆಸರುಗಳು ಇದೇ ಕ್ರಮದಲ್ಲಿ ಕೆಳಗಿನ ದನಿಯಿಂದ ಮೇಲಿನ ದನಿಗೆ ಏರುತ್ತವೆ. ಹಾಗಾಗಿ ಟ್ಯೂನ್ ಕೇಳುತ್ತಾ ಯಾವ ಸ್ವರಕ್ಕೆ ಯಾವ ಅಂಕಿ ಸರಿಹೊಂದುತ್ತದೆ ಅಂತ ಹಾಡಿಕೊಂಡರೆ ಸಾಕು, ಇಡೀ ಹಾಡು 0, 2, 4, 3ರ ಒಂದು ಸರಣಿ ಆಗಿಬಿಡುತ್ತದೆ. ಆಮೇಲೆ ಆ ಸರಣಿಗೆ ಹೊಂದುವ ಪದ ಹುಡುಕೋದು. ಕೋಡಿಂಗ್ ಕ್ಲಾಸಲ್ಲಿ ಕಂಡೀಷನ್ ಮೇಲೆ ಕಂಡೀಷನ್ ಹಾಕಿ ಉತ್ತರ ಹುಡುಕಿ ಅಂತ ಕೊಡುತ್ತಾರಲ್ಲ, ಥೇಟ್ ಹಾಗೇ. ಆದರೆ ಇಲ್ಲಿ ಸಿಕ್ಕ ಉತ್ತರ ಸರಿಯಾಗಿದ್ದರೆ ಸಾಲದು, ಕೇಳಿದವರ ಕಣ್ಣಲ್ಲಿ ನೀರೂ ಬರಬೇಕು!

ಇನ್ನೊಂದು ತೊಡಕೂ ಇತ್ತು. ಹಾಂಗ್ ಕಾಂಗ್ ಜನ ಆಡೋದು ಕ್ಯಾಂಟನೀಸ್. ಶಾಲೆಯಲ್ಲಿ ಬರೆಯೋಕೆ ಕಲಿಯೋದು ಮ್ಯಾಂಡರಿನ್ ಆಧಾರದ ಶಿಷ್ಟ ಚೀನೀ. 'ಅವರು' ಅನ್ನೋದಕ್ಕೆ ಬಾಯಲ್ಲಿ ಒಂದು ಪದ, ಕಾಗದದ ಮೇಲೆ ಬೇರೆಯೇ ಪದ. 'ಅಲ್ಲ' ಅನ್ನೋದಕ್ಕೂ ಹಾಗೇ. ನಾವು ಮನೆಯಲ್ಲಿ 'ಬರ್ತೀನಿ' ಅಂದು ಪರೀಕ್ಷೆಯಲ್ಲಿ 'ಬರುತ್ತೇನೆ' ಅಂತ ಬರೆಯುತ್ತೇವಲ್ಲ, ಅದಕ್ಕಿಂತ ಎಷ್ಟೋ ದೂರದ ಅಂತರ. ಪುಸ್ತಕದ ಭಾಷೆ ಹಿಡಿದರೆ ಗಾಂಭೀರ್ಯ ಬರುತ್ತದೆ, ಬೀದಿ ಭಾಷೆ ಹಿಡಿದರೆ ಜೀವ ಬರುತ್ತದೆ. ವಾಂಗ್ ಎರಡನ್ನೂ ಬಲ್ಲವರಾಗಿದ್ದರು. ಹಳೆಯ ಚೀನೀ ಕಾವ್ಯ ಓದಿದ್ದು ಒಂದು ಕಡೆ, ಜಾಹೀರಾತಿನಲ್ಲಿ ಒಂದೇ ಸಾಲಲ್ಲಿ ಜನರನ್ನು ಹಿಡಿಯೋಕೆ ಕಲಿತಿದ್ದು ಇನ್ನೊಂದು ಕಡೆ. ಗಂಭೀರ ಹಾಡಿಗೆ ಕಾವ್ಯದ ಗತ್ತಿನ ಪದ ತಂದರೂ ಒಂದು ಸಲ ಕೇಳಿದರೆ ಸಾಕು, ಬಸ್ ಡ್ರೈವರ್‌ಗೂ ಬಾಯಿಗೆ ಬರುವ ಹಾಗೆ ಬರೆದರು.

ಸಿಂಹಶಿಲೆಯ ಕೆಳಗೆ

ಹಾಂಗ್ ಕಾಂಗ್‌ನ ಕೌಲೂನ್ ಭಾಗದಲ್ಲಿ ಮಲಗಿದ ಸಿಂಹದ ಆಕಾರದ ಒಂದು ಬೆಟ್ಟ ಇದೆ, ಲಯನ್ ರಾಕ್. ಅದರ ಬುಡದಲ್ಲಿ ಬಡವರಿಗಾಗಿ ಕಟ್ಟಿದ ಸರ್ಕಾರಿ ವಸತಿ ಕಟ್ಟಡಗಳು. ಆ ಜನರ ಬದುಕಿನ ಬಗ್ಗೆ ಹಾಂಗ್ ಕಾಂಗ್‌ನ ಸರ್ಕಾರಿ ಪ್ರಸಾರ ಸಂಸ್ಥೆ ಒಂದು ಧಾರಾವಾಹಿ ಮಾಡಿತು. ಅದಕ್ಕೆ 1979ರಲ್ಲಿ ಬಂದ ಶೀರ್ಷಿಕೆ ಗೀತೆಯೇ 'ಸಿಂಹಶಿಲೆಯ ಕೆಳಗೆ'. ಸಂಗೀತ ಜೋಸೆಫ್ ಕೂ, ಸಾಹಿತ್ಯ ಜೇಮ್ಸ್ ವಾಂಗ್, ಹಾಡಿದ್ದು ರೋಮನ್ ಟಾಮ್. ಬದುಕಲ್ಲಿ ನಗು ಇದೆ, ಅಳುವೂ ಇದೆ, ಒಂದೇ ದೋಣಿಯಲ್ಲಿ ಕೂತ ಮೇಲೆ ಜಗಳ ಬದಿಗಿಟ್ಟು ಜೊತೆಗೆ ಸಾಗೋಣ ಅನ್ನೋದು ಅದರ ಒಟ್ಟು ಭಾವ. ಬೇರೆ ಬೇರೆ ಕಡೆಯಿಂದ ಓಡಿಬಂದ ಜನಕ್ಕೆ ಇದು ನಮ್ಮ ಊರು ಅಂತ ಅನಿಸುವಂತೆ ಮಾಡಿದ ಹಾಡು. 2002ರಲ್ಲಿ ಆರ್ಥಿಕ ಸಂಕಷ್ಟ ಇದ್ದಾಗ ಹಾಂಗ್ ಕಾಂಗ್‌ನ ಹಣಕಾಸು ಕಾರ್ಯದರ್ಶಿ ಆಂಟನಿ ಲಿಯಂಗ್ ತಮ್ಮ ಬಜೆಟ್ ಭಾಷಣದಲ್ಲೇ ಈ ಹಾಡನ್ನು ನೆನೆದರು. ಅದೇ ವರ್ಷ ಚೀನಾದ ಪ್ರಧಾನಿ ಜೂ ರಾಂಗ್‌ಜಿ ಹಾಂಗ್ ಕಾಂಗ್‌ಗೆ ಬಂದಾಗ ಅವರೂ ಇದರ ಸಾಲುಗಳನ್ನು ಹೇಳಿದರು. ಬಡವರ ಧಾರಾವಾಹಿಯ ಹಾಡು ಎಲ್ಲಿಂದ ಎಲ್ಲಿಗೆ ಹೋಯ್ತು ನೋಡಿ!

1980ರಲ್ಲಿ ಅದೇ ಜೋಡಿ 'ದಿ ಬಂಡ್' ಧಾರಾವಾಹಿಗೆ ಹಾಡು ಮಾಡಿತು. ಚೌ ಯುನ್-ಫ್ಯಾಟ್ ನಟಿಸಿದ ಶಾಂಘೈ ರೌಡಿಗಳ ಕಥೆ, ಹಾಡಿದ್ದು ಫ್ರಾನ್ಸಿಸ್ ಯಿಪ್. ನದಿಯ ಅಲೆಗಳ ಭೋರ್ಗರೆತದಿಂದ ಶುರುವಾಗುವ ಹಾಡು. ಇದರಲ್ಲಿ ಒಂದು ಮಜಾ ಇದೆ. ಬರೆಯುವಾಗ ವಾಂಗ್ ಶಾಂಘೈನ ಆ ನದಿ ದಂಡೆಯನ್ನು ನೋಡಿರಲೇ ಇಲ್ಲ. ನಿಜವಾಗಿ ಅಲ್ಲಿನ ನದಿಯಲ್ಲಿ ಅಂಥ ಅಬ್ಬರದ ಅಲೆ ಇಲ್ಲ ಅಂತ ಆಮೇಲೆ ಗೊತ್ತಾಯ್ತು. ಆದರೆ ಹಾಡು ಅಷ್ಟು ಹೊತ್ತಿಗೆ ಹಿಟ್ ಆಗಿತ್ತು, ಶಾಂಘೈ ಅಂದರೆ ಇವತ್ತಿಗೂ ಹಲವರಿಗೆ ನೆನಪಾಗೋದು ಅದೇ ಹಾಡು.

ಅವರು ಮ್ಯಾಂಡರಿನ್‌ಗೆ ವಿರೋಧಿ ಆಗಿರಲಿಲ್ಲ ಅನ್ನೋದನ್ನೂ ಹೇಳಬೇಕು. 1984ರಲ್ಲಿ ಚೀನಾದ ರಾಷ್ಟ್ರೀಯ ಟೀವಿಯ ಹೊಸವರ್ಷದ ಕಾರ್ಯಕ್ರಮದಲ್ಲಿ ಹಾಂಗ್ ಕಾಂಗ್‌ನ ಗಾಯಕ ಚೆಂಗ್ ಮಿಂಗ್-ಮನ್ ಹಾಡಿ ಇಡೀ ಚೀನಾಕ್ಕೆ ಹೆಸರಾದ ದೇಶಪ್ರೇಮದ ಮ್ಯಾಂಡರಿನ್ ಹಾಡಿನ ಸಾಹಿತ್ಯ ಕೂಡ ವಾಂಗ್ ಅವರದೇ. ಇನ್ನೊಂದು ಭಾಷೆಯನ್ನು ಬೈಯದೆಯೂ ತಮ್ಮ ಭಾಷೆಗೆ ಕೆಲಸ ಮಾಡಬಹುದು ಅನ್ನೋದಕ್ಕೆ ಇದಕ್ಕಿಂತ ಒಳ್ಳೆ ಉದಾಹರಣೆ ನಮಗೆ ಸಿಗಲಿಲ್ಲ.

ಏಳನೇ ಸಲ

ಈಗ ನಮ್ಮ ಐದು ಕಪ್ಪು ಕೀಗಳಿಗೆ ವಾಪಸ್ ಬರೋಣ. 80ರ ದಶಕದ ಕೊನೆಗೆ ವಾಂಗ್ ಸಿನಿಮಾ ಸಂಗೀತದಲ್ಲಿ ಮುಳುಗಿದ್ದರು. ನಿರ್ದೇಶಕ, ನಿರ್ಮಾಪಕ ತ್ಸೂಯಿ ಹಾರ್ಕ್ ಜೊತೆ ಅವರ ಜೋಡಿ ಹಿಟ್ ಆಗಿತ್ತು. 1987ರ 'ಎ ಚೈನೀಸ್ ಘೋಸ್ಟ್ ಸ್ಟೋರಿ'ಗೆ ಲೆಸ್ಲಿ ಚೆಂಗ್ ಹಾಡಿದ ಹಾಡು ಇವರದೇ. ಮುಂದೆ 1991ರಲ್ಲಿ ಜೆಟ್ ಲೀ ನಟಿಸಿದ 'ಒನ್ಸ್ ಅಪಾನ್ ಎ ಟೈಮ್ ಇನ್ ಚೈನಾ'ಗೆ ಒಂದು ಪುರಾತನ ಚೀನೀ ಟ್ಯೂನ್ ತಗೊಂಡು ಅದಕ್ಕೆ ಹೊಸ ಸಾಹಿತ್ಯ ತುಂಬಿದರು.

ಇವೆರಡರ ನಡುವೆ, 1990ರಲ್ಲಿ, ಬಂದದ್ದು 'ಸ್ವೋರ್ಡ್ಸ್‌ಮನ್'. ಗೆಳೆಯ ಜಿನ್ ಯೋಂಗ್ ಅವರ ಕಾದಂಬರಿ ಆಧಾರ. ಕಥೆಯಲ್ಲಿ ಶತ್ರು ಪಂಗಡಗಳಿಗೆ ಸೇರಿದ ಇಬ್ಬರು ಸಂಗೀತದಿಂದ ಸ್ನೇಹಿತರಾಗುತ್ತಾರೆ, ಒಟ್ಟಿಗೆ ಒಂದು ಹಾಡು ಕಟ್ಟುತ್ತಾರೆ. ಅಂದರೆ ಕಾದಂಬರಿ ಓದಿದ ಪ್ರತಿಯೊಬ್ಬರ ತಲೆಯಲ್ಲೂ ಆ ಹಾಡಿನ ಬಗ್ಗೆ ಒಂದು ಕಲ್ಪನೆ ಆಗಲೇ ಇತ್ತು. ವಾಂಗ್ ಒಂದು ಟ್ಯೂನ್ ಕೊಟ್ಟರು. ತ್ಸೂಯಿ ಹಾರ್ಕ್ ಬೇಡ ಅಂದರು. ಇನ್ನೊಂದು. ಬೇಡ. ಹೀಗೆ ಆರು.

ಬೇಸತ್ತು ಕೂತಾಗ ಹಳೆಯ ಚೀನೀ ಗ್ರಂಥವೊಂದರ ಮಾತು ಕಣ್ಣಿಗೆ ಬಿತ್ತಂತೆ. ನಿಜವಾಗಿ ದೊಡ್ಡದಾದ ಸಂಗೀತ ಸುಲಭವಾಗಿರಬೇಕು ಅನ್ನೋ ಅರ್ಥದ ಮಾತು. ಚೀನೀ ಸಂಗೀತದಲ್ಲಿ ಅತಿ ಸುಲಭವಾದದ್ದು ಯಾವುದು? ಗೊಂಗ್, ಶಾಂಗ್, ಜ್ಯುಎ, ಝಿ, ಯು ಅನ್ನೋ ಐದು ಮೂಲ ಸ್ವರಗಳು. ನಮ್ಮ ಲೆಕ್ಕದಲ್ಲಿ ಸ ರಿ ಗ ಪ ದ. ಅದನ್ನು ಉಲ್ಟಾ ಇಟ್ಟು ನೋಡಿದರು. ದ ಪ ಗ ರಿ ಸ. ಹೊಳೆದೇ ಹೊಳೆಯಿತು! ಅದನ್ನೇ ಬೆಳೆಸಿ ತ್ಸೂಯಿ ಹಾರ್ಕ್‌ಗೆ ಫ್ಯಾಕ್ಸ್ ಮಾಡಿದರು. ಏಳನೇ ಸಲ ಓಕೆ ಆಯ್ತು. ಹಾಡಿದ್ದು ಸ್ಯಾಮ್ ಹುಯಿ. ಕಡಲು ನೋಡಿ ಒಂದು ಸಲ ನಕ್ಕುಬಿಡು ಅನ್ನೋ ಧಾಟಿಯ ಹಾಡು. ಅದಕ್ಕೆ ಹಾಂಗ್ ಕಾಂಗ್ ಫಿಲಂ ಅವಾರ್ಡ್ಸ್‌ನಲ್ಲಿ ಅತ್ಯುತ್ತಮ ಹಾಡಿನ ಪ್ರಶಸ್ತಿಯೂ ಬಂತು.

ಒಂದು ಎಚ್ಚರಿಕೆ. ಸ್ವರ ಒಂದೇ ಅಂತ ಈ ಹಾಡನ್ನು ಮೋಹನ ರಾಗ ಅಂತ ಕರೆಯೋಕೆ ಆಗೋದಿಲ್ಲ. ನಮ್ಮಲ್ಲಿ ರಾಗ ಅಂದರೆ ಗಮಕ, ಸಂಚಾರ ಎಲ್ಲ ಸೇರುತ್ತದೆ. ಅವರು ನಮ್ಮಿಂದ ತಗೊಂಡರು, ನಾವು ಅವರಿಂದ ತಗೊಂಡೆವು ಅನ್ನೋ ವಾಟ್ಸಾಪ್ ಥಿಯರಿ ಕೂಡ ಬೇಡ. ಐದು ಸ್ವರದ ಈ ಜೋಡಣೆ ಪ್ರಪಂಚದ ಎಷ್ಟೋ ಕಡೆಯ ಜನಪದ ಸಂಗೀತದಲ್ಲಿದೆ. ಮೊದಲ ಸಲ ಕೇಳಿದಾಗ ಒಂದು ಪದ ಗೊತ್ತಿಲ್ಲದಿದ್ದರೂ ಹಳೆ ಪರಿಚಯ ಅನಿಸೋದಕ್ಕೆ ಕಾರಣ ಅದು.

ಅರವತ್ತೆರಡರಲ್ಲಿ ಪಿಎಚ್‌ಡಿ

ನಮಗೆ ಅತಿ ಹಿಡಿಸಿದ್ದು ಕೊನೆಯ ಅಧ್ಯಾಯ. ಇಷ್ಟೆಲ್ಲ ಹೆಸರು ಮಾಡಿದ ಮೇಲೆ ಸುಮ್ಮನೆ ಹಳೆ ನೆನಪು ಹೇಳಿಕೊಂಡು ಕೂರಬಹುದಿತ್ತು. ಇವರು ಹಾಂಗ್ ಕಾಂಗ್ ವಿಶ್ವವಿದ್ಯಾಲಯಕ್ಕೇ ವಾಪಸ್ ಹೋಗಿ ವಿದ್ಯಾರ್ಥಿಯಾದರು. 2003ರಲ್ಲಿ, 62ನೇ ವಯಸ್ಸಲ್ಲಿ, ಡಾಕ್ಟರೇಟ್ ಪಡೆದರು. ಪ್ರಬಂಧದ ವಿಷಯ 1949ರಿಂದ 1997ರವರೆಗೆ ಕ್ಯಾಂಟನೀಸ್ ಜನಪ್ರಿಯ ಹಾಡಿನ ಏಳಿಗೆ ಮತ್ತು ಇಳಿಕೆ.

ಹೌದು, ಇಳಿಕೆ. ತಾವೇ ಕಟ್ಟಿದ್ದು ಕುಸಿಯುತ್ತಿದೆ ಅಂತ ಅವರೇ ಬರೆದರು. ಆ ಅವಧಿಯನ್ನು ನಾಲ್ಕು ಕಾಲಗಳಾಗಿ ಭಾಗ ಮಾಡಿದರು. 1959ರವರೆಗೆ ಮ್ಯಾಂಡರಿನ್ ಹಾಡುಗಳ ಕಾಲ, 1973ರವರೆಗೆ ಪಾಶ್ಚಾತ್ಯ ಬ್ಯಾಂಡ್‌ಗಳ ಕಾಲ, 1974ರಿಂದ 1983ರವರೆಗೆ ಕ್ಯಾಂಟನೀಸ್ ಹಾಡು ಎದ್ದು ನಿಂತ ಕಾಲ, ಆಮೇಲೆ 1997ರವರೆಗೆ ಉಬ್ಬರ ಮತ್ತು ಇಳಿತ. ಮೂರನೇ ಕಾಲಕ್ಕೆ ಅವರು ಇಟ್ಟ ಹೆಸರು 'ಸಿಂಹಶಿಲೆಯ ಕೆಳಗೆ'.

ಮರುವರ್ಷ, 2004ರ ನವೆಂಬರ್ 24ರಂದು, ಶ್ವಾಸಕೋಶದ ಕ್ಯಾನ್ಸರ್‌ನಿಂದ ತೀರಿಕೊಂಡರು. ಹಾಂಗ್ ಕಾಂಗ್ ಸ್ಟೇಡಿಯಂನಲ್ಲಿ ನಡೆದ ನೆನಪಿನ ಸಭೆಗೆ ಸಾವಿರಾರು ಜನ ಬಂದರು.

ನಮಗೇನು?

ನಮ್ಮಲ್ಲಿ ತುಂಬಾ ಜನ ಓದಿದ್ದು ಇಂಗ್ಲಿಷ್ ಮೀಡಿಯಂ. ಕನ್ನಡದಲ್ಲಿ ಬರೆಯೋಕೆ ಕೂತರೆ ಎರಡು ಭಯ. ಪುಸ್ತಕದ ಹಾಗೆ ಬರೆಯೋಕೆ ಬರಲ್ಲ, ಮಾತಾಡೋ ಹಾಗೆ ಬರೆದರೆ ನಗುತ್ತಾರೆ. ಈ ಲೇಖನವೂ ಆ ಎರಡರ ಮಧ್ಯೆ ಎಲ್ಲೋ ನಿಂತಿದೆ, ನಿಮಗೆ ಗೊತ್ತಾಗಿರುತ್ತದೆ.

ಜಿಮ್ ಅಂಕಲ್ ಓದಿದ ಕಾಲದಲ್ಲೂ ಮರ್ಯಾದೆ ಬೇರೆ ಭಾಷೆಗಳಿಗಿತ್ತು. ನಮ್ಮ ಭಾಷೆ ಶ್ರೇಷ್ಠ ಅಂತ ಅವರು ಭಾಷಣ ಮಾಡುತ್ತಾ ಕೂರಲಿಲ್ಲ. ಆರು ದನಿಗಳ ಕಟ್ಟುಪಾಡನ್ನು ಪೂರ್ತಿ ಒಪ್ಪಿಕೊಂಡು, ಅದರೊಳಗೇ ಕೂತು, ಬೀದಿಯವರಿಗೂ ಪಂಡಿತರಿಗೂ ಬಾಯಿಗೆ ಬರುವ ಹಾಡು ಬರೆದರು. ಆರು ಸಲ ರಿಜೆಕ್ಟ್ ಆದರೆ ಏಳನೆಯದು ಬರೆದರು. ಅದು ಕ್ಷೀಣಿಸುತ್ತಿದೆ ಅನಿಸಿದಾಗ ಗೋಳಾಡುವ ಬದಲು ಲೈಬ್ರರಿಗೆ ಹೋಗಿ ಯಾಕೆ ಅಂತ ಹುಡುಕಿದರು. ಭಾಷೆ ಉಳಿಸೋದು ಅಂದರೆ ನವೆಂಬರ್ ತಿಂಗಳ ಬಾವುಟ ಮಾತ್ರ ಅಲ್ಲ, ಇಂಥ ಕೆಲಸವೂ ಹೌದು ಅಂತ ನಮಗನಿಸಿತು.

ನಮ್ಮ ಸಂಘದ ಮುಂದಿನ ಸಂಚಿಕೆಗೆ ಬರೆಯೋಕೆ ಹಿಂಜರಿಯುತ್ತಿರುವ ಗೆಳೆಯರೇ, ಮೊದಲನೇ ಸಲ ಸರಿ ಬರದಿದ್ದರೆ ಪರವಾಗಿಲ್ಲ. ಇನ್ನೂ ಆರು ಚಾನ್ಸ್ ಇದೆ. ಅಲ್ಲಿಯವರೆಗೆ ಆ ಪಿಯಾನೋ ಆಪ್ ಡಿಲೀಟ್ ಮಾಡಬೇಡಿ.